ಹಗ್ಗದ ಮೇಲಿನ ಭಾನುವಾರ

ನಮ್ಮೂರಿನಲ್ಲಿ ಭಾನುವಾರ ಹುಂಜ ಕೂಗಿದರೆ ಅದರ ಯಜಮಾನ ನಾಚಿಕೆಯಿಂದ ಕೆಮ್ಮುತ್ತಾನೆ. ಲೂಯಿಸ್ ದ್ವೀಪದ ಪಶ್ಚಿಮದ ಅಂಚಿನಲ್ಲಿ, ಒಂದೇ ರಸ್ತೆಗೆ ಪೋಣಿಸಿದ ನಲವತ್ತು ಮನೆಗಳ ಊರು ನಮ್ಮದು. ರಸ್ತೆಯ ಒಂದು ತುದಿಗೆ ಸಮುದ್ರ, ಇನ್ನೊಂದು ತುದಿಗೆ ಚರ್ಚು. ಎರಡಕ್ಕೂ ಜನ ಒಂದೇ ಸಮ ಹೆದರುತ್ತಾರೆ. ಶನಿವಾರ ಕತ್ತಲಾಗುವುದರೊಳಗೆ ಆಲೂಗಡ್ಡೆ ಸುಲಿದಿರಬೇಕು, ನೀರು ತುಂಬಿರಬೇಕು, ಒಲೆಗೆ ಪೀಟ್ ಎಂಬ ಉರಿಯುವ ಒಣಮಣ್ಣಿನ ಹೆಂಟೆ ಒಳಗೆ ಬಂದಿರಬೇಕು, ಗಂಡಸರು ಗಡ್ಡ ಬೋಳಿಸಿಕೊಂಡಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹಗ್ಗದ ಮೇಲೆ ಒಂದು ಕಾಲುಚೀಲವೂ ಉಳಿದಿರಬಾರದು. ಸಬ್ಬತ್ತಿನ ದಿನ, ಅಂದರೆ ಯಾವ ಕೆಲಸವನ್ನೂ ಮಾಡಬಾರದ ಭಾನುವಾರ, ಹಗ್ಗದ ಮೇಲೆ ಬಟ್ಟೆ ಕಂಡರೆ ಆ ಮನೆಯವರು ಊರು ಬಿಟ್ಟಿದ್ದಾರೆ, ಇಲ್ಲವೇ ಧರ್ಮ ಬಿಟ್ಟಿದ್ದಾರೆ ಎಂದು ಅರ್ಥ.

ಇಂಥ ಊರಿನಲ್ಲಿ ನನ್ನ ಅಪ್ಪ ಟಾರ್ಕ್ವಿಲ್‌ಗೆ ಚರ್ಚಿನ ಸಭೆಯನ್ನು ನಡೆಸುವ ಹಿರಿಯರಲ್ಲೊಬ್ಬನಾಗುವ ಆಸೆ ಹುಟ್ಟಿತು. ಆಗ ನನಗೆ ಒಂಬತ್ತು ವರ್ಷ.

ಅಪ್ಪ ಕೊಟ್ಟಿಗೆಯಲ್ಲಿ ಮಗ್ಗ ಹಾಕಿಕೊಂಡು ಉಣ್ಣೆ ಬಟ್ಟೆ ನೇಯುತ್ತಿದ್ದ. ಕೈ ಬಹಳ ಚುರುಕು. ತಲೆ ಮಾತ್ರ ಕೈಯಿಂದ ಅರ್ಧ ಮೈಲಿ ಹಿಂದೆ ಇರುತ್ತಿತ್ತು. ಒಮ್ಮೆ ಪೇಟೆಗೆ ಸೈಕಲ್ಲಿನ ಮೇಲೆ ಬಟ್ಟೆಯ ಸುರುಳಿ ಹೇರಿಕೊಂಡು ಹೋದವನು, ಸೈಕಲ್ಲನ್ನು ಅಲ್ಲೇ ಬಿಟ್ಟು ಸುರುಳಿಯನ್ನು ಹೊತ್ತುಕೊಂಡು ಹದಿನೆಂಟು ಮೈಲಿ ನಡೆದು ಬಂದಿದ್ದ. ಮನೆಗೆ ಬಂದು, “ಇವತ್ಯಾಕೋ ದಾರಿ ಉದ್ದ ಅನ್ನಿಸ್ತು,” ಎಂದನಷ್ಟೆ. ಇಂಥವನ ಹೆಸರು ಹಿರಿಯರ ಪಟ್ಟಿಗೆ ಹೇಗೆ ಬಂತೆಂದರೆ, ಸಭೆಯಲ್ಲಿ ಆ ವರ್ಷ ಇಬ್ಬರು ಹಿರಿಯರು ತೀರಿಕೊಂಡಿದ್ದರು, ಮತ್ತು ಅಪ್ಪನ ಮೇಲೆ ಯಾರಿಗೂ ಯಾವ ದೂರೂ ನೆನಪಿಗೆ ಬರಲಿಲ್ಲ.

ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಆರಾಧನೆ ನಮ್ಮಲ್ಲಿ ಗುರುವಾರದಿಂದ ಸೋಮವಾರದವರೆಗೆ ಐದು ದಿನ ನಡೆಯುತ್ತದೆ. ಬೇರೆ ಊರಿನ ಪಾದ್ರಿಯೊಬ್ಬರು ಬಂದು ಪ್ರಸಂಗ ಮಾಡುತ್ತಾರೆ. ಸೋಮವಾರ ಹೊಸ ಹಿರಿಯನ ಹೆಸರು ತೀರ್ಮಾನವಾಗಬೇಕಿತ್ತು. ಅಪ್ಪ ಹಿಂದೆ ಮುಂದೆ ನೋಡದೆ, “ಅತಿಥಿ ಪಾದ್ರಿಗಳು ನಮ್ಮನೇಲೇ ಇರ್ಲಿ,” ಎಂದು ಒಪ್ಪಿಕೊಂಡುಬಂದ. ಅಮ್ಮ ಬಾಣಂತಿ ತಂಗಿಯ ಆರೈಕೆಗೆಂದು ದ್ವೀಪದ ಇನ್ನೊಂದು ತುದಿಗೆ ಹೋಗಿದ್ದಾಳೆ ಎಂಬುದು ಅವನಿಗೆ ಹೊಳೆದದ್ದು, ಪಾದ್ರಿ ಮೆಕಾಸ್ಕಿಲ್ ನಮ್ಮ ಹೊಸ್ತಿಲ ಮೇಲೆ ನಿಂತು ಟೋಪಿ ತೆಗೆದಾಗ. ಮನೆಯಲ್ಲಿ ಇದ್ದವರು ನಾನು ಮತ್ತು ಎಂಬತ್ತೆಂಟು ವರ್ಷದ ಅಜ್ಜಿ. ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲ. ಕೇಳಿಸಿದ ದಿನ ನಂಬುತ್ತಿರಲಿಲ್ಲ.

ಶುಕ್ರವಾರದ ಊಟದ ಹೊತ್ತಿಗೆ ಪಾದ್ರಿಗಳು ತಮ್ಮ ಮಗಳ ವಿಷಯ ತೆಗೆದರು. “ಒಂದು ಸಲ ಅವಳಿಗೆ ‘ಈ ದೀಪ ಹಿಡ್ಕೊಂಡು ನಿಂತಿರು’ ಅಂದು ಹಸು ನೋಡೋಕೆ ಹೋದೆ. ಮರ್ತೇಬಿಟ್ಟೆ. ಎರಡು ಗಂಟೆ ಬಿಟ್ಟು ಬಂದ್ರೆ ನಿಂತೇ ಇದ್ಲು! ತಂದೆ ತಾಯಿನ ಗೌರವಿಸು ಅನ್ನೋ ಐದನೇ ಆಜ್ಞೆ ಅಂದ್ರೆ ಅದು, ಟಾರ್ಕ್ವಿಲ್. ಯಾಕೆ ಏನು ಅಂತ ಕೇಳ್ಬಾರದು. ಮೊದಲನೇ ಮಾತಿಗೇ ಆಗ್ಬೇಕು.”

ಅಪ್ಪನ ಮುಖ ಸಣ್ಣಗಾಯಿತು. ಆಮೇಲೆ ನನ್ನ ಕಡೆ ತಿರುಗಿತು. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಒಂದು ಕೆಲಸ ಹೇಳುವುದೆಂದರೆ ಮೂರು ಸಲ ಹೇಳಿ, ನಾಲ್ಕನೆಯ ಸಲ ಹೇಳುವ ಹೊತ್ತಿಗೆ ಏನು ಹೇಳಬೇಕಿತ್ತೆಂದು ಅಪ್ಪನೇ ಮರೆತು ಬಿಡುವುದು. ಅಂದಿನಿಂದ ಎಲ್ಲ ಬದಲಾಯಿತು.

ಶನಿವಾರ ಬೆಳಿಗ್ಗೆ ಅಪ್ಪ ಸೇನಾಪತಿಯ ಹಾಗೆ ಅಡುಗೆಮನೆಯ ನಡುವೆ ನಿಂತ. “ಎಫಿ, ನೀರು!” ನಾನು ಎರಡು ಬಕೆಟ್ ನೀರು ತಂದೆ. “ಎಫಿ, ಪೀಟ್!” ಹದಿನಾಲ್ಕು ಬುಟ್ಟಿ ಹೊತ್ತೆ. “ಎಫಿ, ಕೋಳಿ!” ಕೋಳಿಗೆ ಏನು ಮಾಡಬೇಕೆಂದು ಹೇಳದ ಕಾರಣ ಒಂದನ್ನು ಹಿಡಿದು ತಂದು ಅವನ ಮುಂದೆ ನಿಲ್ಲಿಸಿದೆ. ಪಾದ್ರಿಗಳು ಮೆಚ್ಚಿ ತಲೆದೂಗಿದರು. ಆಮೇಲೆ ವಾರದ ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದೆ: ಅತಿಥಿಯ ಹೊದಿಕೆಗಳು, ಅಜ್ಜಿಯ ಕೆಂಪು ಲಂಗಗಳು, ಅಪ್ಪನ ಮೂರು ಜೊತೆ ಉದ್ದನೆಯ ಉಣ್ಣೆ ಚಡ್ಡಿ, ಮತ್ತು ಪಾದ್ರಿಗಳೇ ಸಂಕೋಚದಿಂದ ಕೊಟ್ಟಿದ್ದ ಅವರ ಮಲಗುವ ನಿಲುವಂಗಿ.

ಅಪ್ಪ ಹೊರಗೆ ಬಂದು, ಪಾದ್ರಿಗಳಿಗೆ ಕೇಳುವ ಹಾಗೆ, “ಎಫಿ, ನಾನು ಹೇಳೋ ತನಕ ಈ ಬಟ್ಟೆ ಮುಟ್ಟಬಾರದು. ಆಕಾಶ ಕಳಚಿ ಬಿದ್ರೂ ಸರಿ,” ಎಂದ.

ಆಕಾಶ ಮೂರು ಗಂಟೆಗೆ ಕಳಚಿ ಬಿತ್ತು. ಎದುರು ಮನೆಯ ದೋಲಿನಾ ಏಪ್ರನ್ನನ್ನು ತಲೆಯ ಮೇಲೆ ಹೊದ್ದುಕೊಂಡು, “ಏ ಹುಡುಗಿ! ಕಣ್ಣಿಲ್ವೇನೇ? ಬಟ್ಟೆ ತೆಗಿಯೇ!” ಎಂದು ಕಿರುಚಿದಳು. ನಾನು ಹಗ್ಗದ ಪಕ್ಕ ನೆನೆಯುತ್ತ ನಿಂತೆ. “ಅಪ್ಪ ಹೇಳಿಲ್ಲ,” ಎಂದೆ. ನನ್ನ ಧ್ವನಿ ಯಾವಾಗಲೂ ಸಣ್ಣದು. ಮಳೆಯಲ್ಲಿ ಅದು ನನಗೇ ಕೇಳಿಸಲಿಲ್ಲ. ಕಿಟಕಿಯೊಳಗೆ ಅಪ್ಪ ಪಾದ್ರಿಗಳನ್ನು ಮೊಣಕೈಯಿಂದ ತಿವಿಯುತ್ತಿದ್ದ: “ನೋಡಿ! ನೋಡಿ!”

ಒದ್ದೆಯಾದ ಬಟ್ಟೆ ಒಣಗಲು ಹಗ್ಗದ ಮೇಲೇ ಉಳಿಯಿತು. ಸಂಜೆ ಆರಕ್ಕೆ ನಾನು ಬಾಗಿಲಲ್ಲಿ ಹೋಗಿ ನಿಂತೆ. ಅಪ್ಪ ಪಾದ್ರಿಗಳೊಂದಿಗೆ ಆದಾಮನ ಪಾಪದ ಕುರಿತು ಚರ್ಚಿಸುತ್ತಿದ್ದ. “ಅಪ್ಪಾ, ಬಟ್ಟೆ...” ಎಂದೆ. ಅವನು ಕೈಯೆತ್ತಿ, “ದೊಡ್ಡವರು ಮಾತಾಡುವಾಗ?” ಎಂದು ಕೇಳಿದ. “ಸುಮ್ಮನಿರಬೇಕು,” ಎಂದೆ. ಪಾದ್ರಿಗಳು ಮತ್ತೆ ತಲೆದೂಗಿದರು. ಏಳಕ್ಕೆ ಮತ್ತೊಮ್ಮೆ ಹೋದೆ. ಅಪ್ಪ ಬಾಯಿ ತೆರೆಯದೆ ಕೈ ಮಾತ್ರ ಎತ್ತಿದ. ನಾನು ಹೋಗಿ ಮಲಗಿದೆ.

ಭಾನುವಾರ ಬೆಳಿಗ್ಗೆ ಅಪ್ಪ ಪರದೆ ಸರಿಸಿದ.

ಆ ಕ್ಷಣದಲ್ಲಿ ಅವನ ಗಂಟಲಿನಿಂದ ಬಂದ ಶಬ್ದವನ್ನು ನಾನು ಮುಂದೆ ಒಮ್ಮೆ ಮಾತ್ರ, ಬಾವಿಗೆ ಬಿದ್ದ ಕುರಿಯೊಂದರ ಬಾಯಲ್ಲಿ, ಕೇಳಿದ್ದೇನೆ. ಹೊರಗೆ ಪಡುವಣ ಗಾಳಿ ಜೋರಾಗಿತ್ತು. ಹೊದಿಕೆಗಳು ಹಡಗಿನ ಪಟಗಳ ಹಾಗೆ ಉಬ್ಬಿದ್ದವು. ಅಜ್ಜಿಯ ಲಂಗಗಳು ಗಿರಗಿರನೆ ಸುತ್ತುತ್ತಿದ್ದವು. ಅಪ್ಪನ ಮೂರು ಚಡ್ಡಿಗಳು ಗಾಳಿ ತುಂಬಿಕೊಂಡು, ಕಾಲು ಎತ್ತೆತ್ತಿ ಕುಣಿಯುತ್ತಿದ್ದವು. ಕುಣಿತ ನಮ್ಮೂರಲ್ಲಿ ಉಳಿದ ಆರು ದಿನವೂ ಪಾಪ.

ಅಪ್ಪ ಪರದೆ ಎಳೆದ. ಓಡಿಹೋಗಿ ಮುಂದಿನ ಕೋಣೆಯ ಪರದೆ ಎಳೆದ. ಮಹಡಿಗೆ ಹತ್ತಿ, ಎಚ್ಚರಾಗುತ್ತಿದ್ದ ಪಾದ್ರಿಗಳ ಕೋಣೆಯ ಪರದೆಯನ್ನೂ ಎಳೆದು, “ಬಿಸಿಲು,” ಎಂದು ವಿವರಿಸಿದ.

“ಬಿಸಿಲಾ?” ಎಂದರು ಪಾದ್ರಿಗಳು. ಅವರು ದ್ವೀಪಕ್ಕೆ ಬಂದು ನಾಲ್ಕು ದಿನವಾಗಿತ್ತು.

ಕತ್ತಲೆಯಲ್ಲಿ ತಣ್ಣನೆಯ ಗಂಜಿ ತಿನ್ನುತ್ತ ಅಪ್ಪ ಮೆಲ್ಲಗೆ ಕೇಳಿದ: “ಪಾದ್ರಿಗಳೇ, ಸುಮ್ನೆ ತಿಳ್ಕೊಳ್ಳೋಕೆ ಕೇಳ್ತೀನಿ. ಸಬ್ಬತ್ತಿನಲ್ಲಿ ಕುರಿ ಹಳ್ಳಕ್ಕೆ ಬಿದ್ರೆ ಎತ್ತಬಹುದು ಅಲ್ವಾ?”

“ಎತ್ತಬಹುದು. ಅದು ದಯೆಯ ಕೆಲಸ.”

“ಚಡ್ಡಿ?”

“ಯಾವ ಹಳ್ಳಕ್ಕೆ?”

“ಹಳ್ಳಕ್ಕಲ್ಲ. ಗಾಳಿಗೆ.”

ಪಾದ್ರಿಗಳು ಚಮಚ ಕೆಳಗಿಟ್ಟರು. “ಕುರಿಗೆ ಜೀವ ಇದೆ, ಟಾರ್ಕ್ವಿಲ್.”

“ಕೆಲವು ಚಡ್ಡಿಗಳಿಗೂ ಇರುತ್ತೆ,” ಎಂದು ಅಪ್ಪ ಗಂಜಿಯೊಳಗೆ ಗೊಣಗಿದ. ಪಾದ್ರಿಗಳು ಪ್ರಸಂಗಕ್ಕೆ ಸಿದ್ಧವಾಗಲು ಮೇಲೆ ಹೋದರು.

ಈಗ ಎದುರು ಮನೆಯ ದೋಲಿನಾಳ ಕಣ್ಣಿನಿಂದ ನೋಡಬೇಕು. ಅವಳು ಆ ಕಣ್ಣನ್ನು ಊರಿಗಾಗಿಯೇ ಇಟ್ಟುಕೊಂಡಿದ್ದಳು. ಬೆಳಿಗ್ಗೆ ಎಂಟು ಗಂಟೆ. ಸಬ್ಬತ್ತು. ಪಾದ್ರಿ ತಂಗಿರುವ ಮನೆ. ಹಗ್ಗದ ಮೇಲೆ ಬಟ್ಟೆ. ಆಮೇಲೆ, ಒಂದರ ಹಿಂದೆ ಒಂದು, ಎಲ್ಲ ಕಿಟಕಿಗಳ ಪರದೆ ಮುಚ್ಚುತ್ತಿದೆ. ನಮ್ಮ ದ್ವೀಪದಲ್ಲಿ ಹಗಲು ಹೊತ್ತು ಎಲ್ಲ ಪರದೆ ಮುಚ್ಚುವುದು ಒಂದೇ ಕಾರಣಕ್ಕೆ: ಮನೆಯೊಳಗೆ ಸಾವಾಗಿರಬೇಕು. ಒಗೆದ ಬಟ್ಟೆಯನ್ನು ಮರೆಸುವಂಥ ಸಂಗತಿಯಾದರೂ ಬೇರೆ ಏನಿದೆ? ದೋಲಿನಾ ಎದೆಯ ಮೇಲೆ ಕೈಯಿಟ್ಟು ಗಂಡನಿಗೆ ಹೇಳಿದಳಂತೆ: “ಮುದುಕಿ ಹೋಯ್ತು ಕಣ್ರೀ. ಪಾಪ, ಆ ಮಗು ನಿನ್ನೆ ಮಳೇಲಿ ಬೆಪ್ಪಾಗಿ ನಿಂತಿತ್ತು, ಆವಾಗ್ಲೇ ನಂಗೆ ಅನುಮಾನ ಬಂತು.”

ಒಂಬತ್ತರ ಹೊತ್ತಿಗೆ ನಮ್ಮ ಬಾಗಿಲು ತೆರೆಯಿತು. ಸಾವಿನ ಮನೆಗೆ ನಮ್ಮವರು ಬಾಗಿಲು ತಟ್ಟಿ ಬರುವುದಿಲ್ಲ. ಮೊದಲು ಬಂದವನು ಸಭೆಯ ಹಿರಿಯರಲ್ಲೇ ಹಿರಿಯನಾದ ಎವಾಂಡರ್; ನಗು ಎಂಬುದನ್ನು ಅವನು ಯೌವನದಲ್ಲಿ ಒಮ್ಮೆ ಪ್ರಯತ್ನಿಸಿ ಬಿಟ್ಟುಬಿಟ್ಟಿದ್ದನೆಂದು ಹೇಳುತ್ತಾರೆ. ಅವನ ಹಿಂದೆ ದೋಲಿನಾ, ನಿನ್ನೆ ಮಾಡಿದ ಸ್ಕೋನ್ ರೊಟ್ಟಿಯ ಡಬ್ಬಿ ಹಿಡಿದುಕೊಂಡು. ಅವಳ ಹಿಂದೆ ಇನ್ನೂ ಒಂಬತ್ತು ಜನ, ಎಲ್ಲ ಕಪ್ಪು ಬಟ್ಟೆಯಲ್ಲಿ. ಭಾನುವಾರವಾದ್ದರಿಂದ ಬಟ್ಟೆ ಬದಲಿಸುವ ತೊಂದರೆಯೂ ಇರಲಿಲ್ಲ. ಒಬ್ಬೊಬ್ಬರಾಗಿ ಬಂದು, ಒಂದು ಮಾತೂ ಆಡದೆ, ಅಪ್ಪನ ಕೈ ಒತ್ತಿ, ಗೋಡೆಗೆ ಒರಗಿ ಕುಳಿತರು. ದುಃಖದ ಮನೆಯಲ್ಲಿ ಸತ್ತವರ ಹೆಸರನ್ನು ಮೊದಲು ಎತ್ತುವುದು ಮನೆಯವರ ಹಕ್ಕು.

ಅಪ್ಪನಿಗೆ ಮಾತ್ರ ಇದು ಬೇರೆಯಾಗಿಯೇ ಕಂಡಿತು. ಇಡೀ ಸಭೆ ಚಡ್ಡಿಯ ವಿಚಾರಣೆಗೆ ಬಂದಿದೆ ಎಂದುಕೊಂಡ.

“ಧೈರ್ಯ ತಗೋ, ಟಾರ್ಕ್ವಿಲ್,” ಎಂದ ಎವಾಂಡರ್.

“ನನ್ನದೇ ತಪ್ಪು,” ಎಂದ ಅಪ್ಪ.

“ಹಾಗೆ ಅಂದ್ಕೋಬೇಡ. ಎಲ್ರ ಮನೇಲೂ ಒಂದು ದಿನ ಆಗೋದೇ.”

ಅಪ್ಪ ಕಣ್ಣರಳಿಸಿದ. “ನಿಮ್ಮನೇಲೂ?”

“ನಮ್ಮನೇಲಿ ಎರಡು ಸಲ ಆಯ್ತು. ನೋವೇನಾದ್ರೂ ಇತ್ತಾ?”

“ಈಗ ಆಗ್ತಾ ಇದೆ, ಎವಾಂಡರ್.”

ದೋಲಿನಾ ಬಿಕ್ಕಿದಳು. ಸದ್ದು ಕೇಳಿ ಪಾದ್ರಿಗಳು ಮಹಡಿಯಿಂದ ಇಳಿದರು. ಕತ್ತಲೆಯಲ್ಲಿ ಕಪ್ಪು ಬಟ್ಟೆಯ ಹನ್ನೊಂದು ಜನ! ಬೆಚ್ಚಿದರೂ ಪಾದ್ರಿಗಳಲ್ಲವೇ, ಕೂಡಲೇ ಕಣ್ಣುಮುಚ್ಚಿ ಪ್ರಾರ್ಥನೆ ಆರಂಭಿಸಿದರು. ಯಾತಕ್ಕೆ ಎಂದು ತಿಳಿಯದ್ದರಿಂದ ಎಲ್ಲದಕ್ಕೂ ಹೊಂದುವ ಹಾಗೆ, “ಈ ಮನೆ ಇಂದು ಕಳೆದುಕೊಂಡದ್ದನ್ನು ತಾಳಿಕೊಳ್ಳುವ ಬಲ ಕೊಡು,” ಎಂದು ಬೇಡಿದರು. ಕಳೆದುಕೊಂಡದ್ದು ಹಿರಿಯನ ಸ್ಥಾನ ಎಂದು ತಿಳಿದು ಅಪ್ಪ ಗೊಳೋ ಎಂದು ಅತ್ತ. ಅವನು ಅತ್ತದ್ದರಿಂದ ಯಾರಿಗೂ ಇನ್ನು ಅನುಮಾನ ಉಳಿಯಲಿಲ್ಲ. ನಾನು ಒಬ್ಬಳೇ ಏನೂ ಅರ್ಥವಾಗದೆ ಸ್ಕೋನ್ ಡಬ್ಬಿಯ ಹಿಂದೆ ಅಡಗಿ ಕುಳಿತಿದ್ದೆ.

ಆಗ ಒಳಕೋಣೆಯ ಬಾಗಿಲು ತೆರೆದು ಅಜ್ಜಿ ಬಂದಳು. ಬಿಳಿ ನಿಲುವಂಗಿ, ಬಿಚ್ಚಿದ ಬಿಳಿ ಕೂದಲು, ಬಾಯಲ್ಲಿ ಹಲ್ಲಿಲ್ಲ.

ದೋಲಿನಾಳ ಕಿರುಚಾಟಕ್ಕೆ ಒಲೆಯ ಮೇಲಿನ ಕೆಟಲ್ಲು ಅದುರಿತು. ಒಬ್ಬ ಗಂಡಸು ಬೆಂಚಿನಿಂದ ಕೆಳಕ್ಕೆ ಉರುಳಿದ. ಎವಾಂಡರ್ ಟೋಪಿಯನ್ನು ಹೊಟ್ಟೆಗೆ ಅವುಚಿಕೊಂಡು ಎದ್ದುನಿಂತ. ಸತ್ತವರು ಏಳುವ ವಿಷಯದಲ್ಲಿ ಅವನಿಗೆ ನಲವತ್ತು ವರ್ಷದಿಂದ ದೃಢವಾದ ನಂಬಿಕೆಯಿತ್ತು. ಆದರೆ ಅದು ಅಡುಗೆಮನೆಯಲ್ಲಿ, ಚಹಾದ ಹೊತ್ತಿಗೆ, ಆಗಬಹುದೆಂದು ಎಣಿಸಿರಲಿಲ್ಲ.

“ಇಷ್ಟು ಜನ ಬಂದಿದೀರಿ, ಒಬ್ರಾದ್ರೂ ನಂಗೆ ಚಹಾ ತಂದ್ರಾ?” ಎಂದಳು ಅಜ್ಜಿ. ಆಮೇಲೆ ಪರದೆ ನೋಡಿದಳು, ಕರಿ ಬಟ್ಟೆ ನೋಡಿದಳು. “ಯಾರು ಸತ್ತದ್ದು?”

ಅಜ್ಜಿಯ ಕಣ್ಣು ಸುತ್ತಿ ಅಪ್ಪನ ಮೇಲೆ ನಿಂತಿತು. “ನೀನೇನೋ, ಟಾರ್ಕ್ವಿಲ್? ಮುಖ ನೋಡಿದ್ರೆ ಹಾಗೇ ಇದೆ.”

ಎವಾಂಡರ್ ಸೀದಾ ಕಿಟಕಿಗೆ ಹೋಗಿ ಪರದೆ ಸರಿಸಿದ. ಬೆಳಕು ನುಗ್ಗಿತು. ಹನ್ನೊಂದು ಜನರೂ ಅಪ್ಪನ ಚಡ್ಡಿಗಳ ಕುಣಿತವನ್ನು ಹತ್ತಿರದಿಂದ ಕಂಡರು. ಅವುಗಳ ಪಕ್ಕದಲ್ಲಿ ಒಂದು ನಿಲುವಂಗಿ ಎರಡೂ ತೋಳೆತ್ತಿ ಪರಲೋಕವನ್ನು ಕರೆಯುತ್ತಿತ್ತು. ಅದರ ಕೊರಳಪಟ್ಟಿಯ ಮೇಲಿನ ಕಸೂತಿ ಅಕ್ಷರಗಳನ್ನು ಗುರುತಿಸಿ ಪಾದ್ರಿ ಮೆಕಾಸ್ಕಿಲ್ ಕುರ್ಚಿ ಹುಡುಕಿಕೊಂಡು ಕುಳಿತರು.

“ಸಾವಿಲ್ಲ,” ಎಂದ ಎವಾಂಡರ್. ಧ್ವನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು. “ಹಾಗಾದ್ರೆ ಇದೇನು ಟಾರ್ಕ್ವಿಲ್? ನಾಳೆ ಸಭೆಯವರು ನಿನ್ನ ಹೆಸರು ತಗೋಬೇಕು. ಇದಕ್ಕೆ ಏನು ಉತ್ತರ?”

ಅಪ್ಪ ಸ್ಕೋನ್ ಡಬ್ಬಿಯ ಕಡೆ ಬೆರಳು ತೋರಿಸಿದ. “ಎಫಿಗೆ ಹೇಳಿದ್ದೆ. ಅವಳು... ಮರ್ತಿದ್ದಾಳೆ.”

ಇಪ್ಪತ್ತೆರಡು ಕಣ್ಣುಗಳು ಸ್ಕೋನ್ ಡಬ್ಬಿಯ ಕಡೆ ತಿರುಗಿದವು.

ಪಾದ್ರಿಗಳು ಹುಬ್ಬು ಗಂಟಿಕ್ಕಿದರು. “ನಿನ್ನೆ ಇವರು ‘ನಾನು ಹೇಳೋ ತನಕ ಮುಟ್ಟಬಾರದು’ ಅಂದಿದ್ದನ್ನ ನಾನೇ ಕೇಳಿದೆ. ಆಮೇಲೆ ತೆಗಿ ಅಂತ ಹೇಳಿದ್ರಾ, ಮಗು?”

ನಾನು ಅಪ್ಪನನ್ನು ನೋಡಿದೆ. ಅಪ್ಪನ ಹುಬ್ಬು ಸ್ವಲ್ಪವೇ ಮೇಲೇರಿ ಇಳಿಯಿತು. ಬಾಯಿಂದ ಹೇಳದಿದ್ದರೂ ಅದು ಅಪ್ಪಣೆಯೇ. ಮೊದಲನೇ ಮಾತಿಗೇ ಆಗಬೇಕು. ನಾನು ಹೌದೆಂದು ತಲೆಯಾಡಿಸಿದೆ.

ಹೀಗೆ ಐದನೇ ಆಜ್ಞೆ ಚಾಚೂ ತಪ್ಪದೆ ಪಾಲನೆಯಾಗಿ, ಸಬ್ಬತ್ತಿನ ನಾಲ್ಕನೆಯದು ಹಗ್ಗದ ಮೇಲೆ ಹಾರಾಡುತ್ತ, ಸುಳ್ಳು ಹೇಳಬಾರದೆಂಬ ಒಂಬತ್ತನೆಯದು ನಮ್ಮ ಅಡುಗೆಮನೆಯಲ್ಲಿ ಎರಡೆರಡು ಸಲ ಮುರಿದುಬಿತ್ತು.

“ಈ ಹುಡುಗಿಗೆ ವಿಧೇಯತೆ ಕಲಿಸ್ಬೇಕು,” ಎಂದ ಎವಾಂಡರ್. “ಇವತ್ತು ಹಿರಿಯರ ಬೆಂಚಿನಲ್ಲಿ ನನ್ನ ಪಕ್ಕ ಕೂರ್ಲಿ.”

ಹಿರಿಯರ ಬೆಂಚು ಪ್ರಸಂಗ ಪೀಠದ ಬುಡದಲ್ಲಿ, ಜನರಿಗೆ ಮುಖಮಾಡಿ ಇರುತ್ತದೆ. ಅಂಗಡಿಗೆ ಕಳಿಸಿದರೆ ಅಂಗಡಿಯವನು ಬೇರೆ ಕಡೆ ನೋಡುವ ತನಕ ಕಾಯುತ್ತಿದ್ದ ಹುಡುಗಿ ನಾನು. ಈಗ ಸುತ್ತಲ ಊರಿನವರೂ ಸೇರಿದ ನಾನೂರು ಜನರ ಎದುರು, ಬಿಳಿ ಗಡ್ಡಗಳ ಸಾಲಿನ ಕೊನೆಯಲ್ಲಿ, ನೆಲಕ್ಕೆ ಕಾಲೆಟುಕದೆ ಕುಳಿತೆ. ಸುದ್ದಿ ನನಗಿಂತ ಮೊದಲೇ ಬಂದಿತ್ತು. ಹೆಂಗಸರ ಟೋಪಿಗಳು ಒಂದರತ್ತ ಒಂದು ವಾಲಿ ನೆಟ್ಟಗಾಗುತ್ತಿದ್ದವು. “ಅದೇ ಹುಡುಗಿ.” “ಬಟ್ಟೆದು?” “ಹೂಂ. ಪಾದ್ರಿಗಳ ಅಂಗೀನೂ ಇತ್ತಂತೆ!”

ಮೂರನೆಯ ಸಾಲಿನಲ್ಲಿ ಅಪ್ಪ ಅಜ್ಜಿಯ ಪಕ್ಕದಲ್ಲಿದ್ದ. ಒಂದೂಕಾಲು ಗಂಟೆಯ ಪ್ರಸಂಗದಲ್ಲಿ ಅವನು ಪಾದ್ರಿಗಳನ್ನು ಒಮ್ಮೆಯೂ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದ.

ಆಮೇಲೆ ಪಾದ್ರಿಗಳು ಕರ್ತನ ಮೇಜಿಗೆ ಯಾರು ಬರಬಾರದೆಂದು ಎಚ್ಚರಿಸಿದರು: ದ್ವೇಷ ಇಟ್ಟುಕೊಂಡವರು, ಕುಡಿಯುವವರು, ಸುಳ್ಳು ಹೇಳುವವರು. ಕೀರ್ತನೆ ಆರಂಭವಾಯಿತು. ನಮ್ಮ ಕೀರ್ತನೆ ಅಲೆಯ ಹಾಗೆ ನಿಧಾನವಾಗಿ ಏಳುತ್ತದೆ. ಅದು ಎದ್ದಂತೆ ಜನ ಒಬ್ಬೊಬ್ಬರಾಗಿ ಎದ್ದು ಮೇಜಿಗೆ ನಡೆಯಬೇಕು. ಅಪ್ಪನೂ ಎದ್ದ. ನಡೆದು ಬಂದ. ಮೇಜಿನ ಹತ್ತಿರ ಬಂದು ನಿಂತುಬಿಟ್ಟ. ಹಿಂದಿದ್ದ ಆರು ಜನ ಅವನ ಬೆನ್ನಿಗೆ ಒಬ್ಬರಮೇಲೊಬ್ಬರು ಢಿಕ್ಕಿ ಹೊಡೆದರು.

“ನಾನು ಹೇಳ್ಲಿಲ್ಲ!” ಎಂದ ಅಪ್ಪ.

ಆ ಚರ್ಚು ಕಟ್ಟಿ ಎಂಬತ್ತು ವರ್ಷವಾಗಿತ್ತು. ಕೀರ್ತನೆಯ ನಡುವೆ ಅಲ್ಲಿ ಯಾರೂ ಬಾಯಿ ಹಾಕಿರಲಿಲ್ಲ. ರಾಗ ಹಿಡಿದಿದ್ದವನ ಧ್ವನಿ ಅರ್ಧದಲ್ಲಿ ಮುರಿದು ಬಿತ್ತು.

“ತೆಗಿ ಅಂತ ನಾನು ಅವಳಿಗೆ ಹೇಳ್ಲೇ ಇಲ್ಲ. ಮುಟ್ಬೇಡ ಅಂದಿದ್ದೆ, ಮುಟ್ಟಲಿಲ್ಲ. ಎರಡು ಸಲ ಕೇಳೋಕೆ ಬಂದ್ಲು, ಬಾಯಿ ಮುಚ್ಚಿಸಿದೆ. ಬೆಳಿಗ್ಗೆ ನಾನು ಸುಳ್ಳು ಹೇಳಿದೆ. ಅವಳ ಕೈಲೂ ಹೇಳಿಸಿದೆ. ಆ ಬೆಂಚಲ್ಲಿ ಕೂರ್ಬೇಕಾದ್ದು ಅವಳಲ್ಲ.”

ಅಜ್ಜಿ ಮಗ್ಗುಲಲ್ಲಿದ್ದ ದೋಲಿನಾಳನ್ನು ತಿವಿದು, “ಏನಂತೆ?” ಎಂದು ಗಟ್ಟಿಯಾಗಿ ಕೇಳಿದಳು.

“ಬಟ್ಟೆ ವಿಷಯ!” ಎಂದು ದೋಲಿನಾ ಅವಳ ಕಿವಿಯಲ್ಲಿ ಕೂಗಿದಳು.

“ಚರ್ಚಲ್ಲಾ?” ಎಂದಳು ಅಜ್ಜಿ. “ನಾಚಿಕೆಯಾಗ್ಬೇಕು.”

ಅಪ್ಪ ಮೇಜಿಗೆ ಹೋಗಲಿಲ್ಲ. ಎವಾಂಡರನ ಪಕ್ಕದಿಂದ ನನ್ನನ್ನು ಕೈಹಿಡಿದು ಇಳಿಸಿ, ಹಾದಿಯುದ್ದಕ್ಕೂ ನಡೆಸಿಕೊಂಡು ಹೊರಗೆ ಬಂದ. ಅವನು ಟೋಪಿ ಮರೆತು ಬಂದಿದ್ದ.

ಸೋಮವಾರ ಮಧ್ಯಾಹ್ನ ಎವಾಂಡರ್ ಬಂದ. ಕೂರಲಿಲ್ಲ. “ಮೂರು ಗಂಟೆ ಮಾತಾಡಿದ್ವಿ, ಟಾರ್ಕ್ವಿಲ್. ಬಟ್ಟೆದು ಕ್ಷಮಿಸಿದ್ವಿ, ಮರೆವು. ಸುಳ್ಳೂ ಕ್ಷಮಿಸಿದ್ವಿ, ಒಪ್ಕೊಂಡಿದೀಯ. ಆದ್ರೆ ಕೀರ್ತನೆ ಮಧ್ಯೆ ಬಾಯಿ ಹಾಕಿದ್ದು...” ಅವನು ತಲೆಯಾಡಿಸಿದ. “ಎರಡನೇ ಚರಣದಲ್ಲಿ! ಮುಗಿಯೋ ತನಕ ಕಾಯೋಕೆ ಆಗ್ತಿರ್ಲಿಲ್ವಾ? ನಿನ್ನ ಹೆಸರು ಬಿಟ್ವಿ.”

“ಕಾಯೋಕೆ ಆಗ್ತಿರ್ಲಿಲ್ಲ,” ಎಂದ ಅಪ್ಪ.

ಎವಾಂಡರ್ ಹೋದ ಮೇಲೆ ನಾನು ಬಟ್ಟೆಯ ಬುಟ್ಟಿ ತೆಗೆದುಕೊಂಡು ಎದ್ದೆ. ಅವನು ನನ್ನ ಕೈಯಿಂದ ಬುಟ್ಟಿ ಕಸಿದುಕೊಂಡು ತಾನೇ ಹೊರಗೆ ಹೋದ.

ನಮ್ಮೂರಲ್ಲಿ ಗಂಡಸು ಹಗ್ಗದಿಂದ ಬಟ್ಟೆ ತೆಗೆಯುವುದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಮೊದಲು ದೋಲಿನಾಳ ಬಾಗಿಲು ತೆರೆಯಿತು. ಅದರಾಚೆಯ ಮನೆಯದು ತೆರೆಯಿತು. ಸ್ವಲ್ಪ ಹೊತ್ತಿನಲ್ಲಿ ರಸ್ತೆಯುದ್ದಕ್ಕೂ ಹೆಂಗಸರು ಏಪ್ರನ್ ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಭಾನುವಾರ ಕೂಡ ಇಷ್ಟು ಜನ ಬಾಗಿಲಿಗೆ ಬಂದಿರಲಿಲ್ಲ. ಅಪ್ಪ ಬಾಯಲ್ಲಿ ನಾಲ್ಕು ಕ್ಲಿಪ್ಪು ಕಚ್ಚಿಕೊಂಡು, ಹೊದಿಕೆಯೊಂದರ ಜೊತೆ ಗಾಳಿಯಲ್ಲಿ ಕುಸ್ತಿಗೆ ಬಿದ್ದಿದ್ದ. ಹೊದಿಕೆಯೇ ಗೆಲ್ಲುವ ಹಾಗಿತ್ತು.

“ಏನಪ್ಪಾ ಟಾರ್ಕ್ವಿಲ್!” ದೋಲಿನಾ ತಡೆಯಲಾರದೆ ಕೂಗಿದಳು. “ಮನೇಲಿ ಹೆಣ್ಣುಮಗು ಇಲ್ವಾ?”

ಅಪ್ಪ ಕ್ಲಿಪ್ಪುಗಳನ್ನು ಅಂಗೈಗೆ ಉಗುಳಿದ. “ಇದ್ದಾಳೆ,” ಎಂದ. “ಓದ್ತಾ ಇದ್ದಾಳೆ.”

ನಾನು ಓದುತ್ತಿರಲಿಲ್ಲ. ಕಿಟಕಿಗೆ ಮೂಗು ಒತ್ತಿ ಅವನನ್ನೇ ನೋಡುತ್ತಿದ್ದೆ. ಎರಡು ದಿನದೊಳಗೆ ಅಪ್ಪ ಮತ್ತೊಂದು ಸುಳ್ಳು ಹೇಳಿದಂತಾಗಬಾರದೆಂದು ಓಡಿಹೋಗಿ, ಕೈಗೆ ಸಿಕ್ಕ ಮೊದಲನೆಯ ಪುಸ್ತಕ ತೆರೆದು ಕುಳಿತೆ.